ಕ್ಯಾಲೆಂಡರಕ್ಕನ ಎರಡು ಚುಕ್ಕೆ

ಹೊಲಿಗೆ ಯಂತ್ರ ಮಾರುವ, ರಿಪೇರಿ ಮಾಡುವ ಆ ಅಂಗಡಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವರು ಕ್ಯಾಲೆಂಡರಕ್ಕ. ಯಾವ ಯಂತ್ರ ರಿಪೇರಿಗೆ ಎಂದು ಬಂತು, ಎಂದು ಹೋಯಿತು, ನಡುವೆ ಕೆಲಸದ ದಿನ ಎಷ್ಟು ಎಂದು ಬರೆದಿಡುವುದು ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ. ಎರಡು ತಾರೀಖು ಹೇಳಿದರೆ ಸಾಕು, ಭಾನುವಾರ, ರಜೆ ಎಲ್ಲ ಕಳೆದು ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ತಂಗಿ ಫೋನ್ ಮಾಡಿ, "ಅಕ್ಕಾ, ಡಾಕ್ಟರು ಹೆರಿಗೆಗೆ ಮುಂದಿನ ತಿಂಗಳು ಹನ್ನೆರಡನೇ ತಾರೀಖು ಕೊಟ್ಟಿದ್ದಾರೆ" ಎಂದಾಗಲೂ ಇವರ ಬಾಯಿಂದ ಮೊದಲು ಬಂದದ್ದು, "ಹಾಗಾದ್ರೆ ಇನ್ನು ಇಪ್ಪತ್ತಾರು ಕೆಲಸದ ದಿನ!"

"ಮಗೂಗೆ ನಿನ್ನ ರಜಾಪಟ್ಟಿ ಗೊತ್ತಿಲ್ಲ ಕಣಕ್ಕಾ" ಎಂದು ತಂಗಿ ನಕ್ಕಿದ್ದಳು.

ಈಚೆಗೆ ಪುಸ್ತಕ ಹೋಗಿ ಕಂಪ್ಯೂಟರ್ ಬಂದಿತ್ತು. ರಜೆ ಯಾವುವೆಂದು ಒಂದು ಪಟ್ಟಿಯಲ್ಲಿ ತುಂಬಿಸಿ, ಯಂತ್ರ ಬಂದ ದಿನ, ಹೋದ ದಿನ ಬರೆದರೆ ಸಾಕು. ಕೆಲಸದ ದಿನಗಳನ್ನು ಅದೇ ಎಣಿಸಿ ತಿಂಗಳ ಕೊನೆಗೆ ವರದಿ ಕೊಡುತ್ತಿತ್ತು.

ಒಂದು ಬೆಳಿಗ್ಗೆ ಮ್ಯಾನೇಜರ್ ಆ ವರದಿ ಹಿಡಿದು ಹೊರಗೆ ಬಂದರು.

"ಅಕ್ಕ, ಐದು ದಿನದಲ್ಲಿ ರಿಪೇರಿ ಅಂತ ಬೋರ್ಡ್ ಹಾಕಿದ್ದೀವಿ. ಇಲ್ಲಿ ನೋಡಿದ್ರೆ ಸರಾಸರಿ ಎಂಟು ದಿನ! ಒಂದನೇ ತಾರೀಖಿನಿಂದ ರಿಪೇರಿ ಹೊರಗಡೆಯವರಿಗೆ ಕೊಟ್ಬಿಡೋಣ. ಇಲ್ಲಿ ಬರೀ ಮಾರಾಟ ಸಾಕು."

ಹಿಂದಿನ ಬೆಂಚಿನಲ್ಲಿ ಸ್ಕ್ರೂ ಬಿಗಿಯುತ್ತಿದ್ದ ಕೈ ನಿಂತಿತು. ಅದು ಎಣ್ಣೆಯಣ್ಣನ ಕೈ. ಅಂಗಡಿಗೆ ಇರುವ ಒಬ್ಬನೇ ಮೆಕ್ಯಾನಿಕ್. ರಿಪೇರಿ ಹೊರಗೆ ಹೋದರೆ ಅವನೂ ಹೊರಗೆ.

"ಆಮೆ ಅಂತ ಹೆಸರಿಡಿ ಸಾರ್ ನಂಗೆ" ಎಂದ. ತಮಾಷೆಗೇ ಅಂದದ್ದು, ಆದರೆ ದನಿ ಅರ್ಧದಲ್ಲೇ ಸೋತಿತು.

"ಮಧ್ಯಾಹ್ನದ ತನಕ ಟೈಮ್ ಕೊಡಿ ಸಾರ್" ಎಂದರು ಕ್ಯಾಲೆಂಡರಕ್ಕ.

ಅಂಗಿ ಹೊಲಿಯುವ ಟೇಲರೊಬ್ಬರ ಯಂತ್ರವನ್ನು ಮೊದಲು ತೆಗೆದುಕೊಂಡರು. ಬಂದದ್ದು ನಾಲ್ಕನೇ ತಾರೀಖು, ಹೋದದ್ದು ಹದಿನಾರು; ಬಂದ ದಿನ ಲೆಕ್ಕಕ್ಕಿಲ್ಲ. ಐದನೇ ತಾರೀಖು ಭಾನುವಾರ. ಆರರಿಂದ ಹದಿನಾಲ್ಕರವರೆಗೆ ನೆಲ ಕಿತ್ತು ಹೊಸದಾಗಿ ಹಾಕಿಸಿದ್ದರಿಂದ ಅಂಗಡಿಗೇ ಬೀಗ. ಉಳಿದದ್ದು ಹದಿನೈದು, ಹದಿನಾರು. ಎರಡೇ ದಿನ! ಕಂಪ್ಯೂಟರ್ ಮಾತ್ರ ಎಂಟು ಎನ್ನುತ್ತಿತ್ತು. "ಸಿಕ್ಕಿಬಿದ್ದೆಯಾ ಪೆಟ್ಟಿಗೆರಾಯ" ಎಂದು ಹಿಗ್ಗಿ ರಜಾಪಟ್ಟಿ ತೆರೆದರು.

ಪಟ್ಟಿಯಲ್ಲಿ ಆರು ಇತ್ತು, ಹದಿನಾಲ್ಕು ಇತ್ತು. ನಡುವೆ ಏನೂ ಇರಲಿಲ್ಲ.

ಹಿಗ್ಗು ಜರ್ರನೆ ಇಳಿಯಿತು. ಗೋಡೆಯ ಕ್ಯಾಲೆಂಡರಿನಲ್ಲಿ ಅವರು ಯಾವಾಗಲೂ ಮೊದಲ ದಿನಕ್ಕೊಂದು, ಕೊನೆಯ ದಿನಕ್ಕೊಂದು ಚುಕ್ಕೆ ಇಟ್ಟು ನಡುವೆ ಗೆರೆ ಎಳೆಯುತ್ತಿದ್ದರು. ಕಂಪ್ಯೂಟರಿಗೂ ಅದೇ ರೂಢಿಯಲ್ಲಿ ಎರಡೇ ತಾರೀಖು ಬರೆದುಕೊಟ್ಟಿದ್ದರು. ಗೆರೆ ಎಳೆಯುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ನಡುವಿನ ಏಳು ದಿನದಲ್ಲಿ ಒಂದು ಭಾನುವಾರ ಬಿಟ್ಟು ಉಳಿದ ಆರನ್ನೂ ಅದು ಎಣ್ಣೆಯಣ್ಣನ ತಲೆಗೆ ಕಟ್ಟಿತ್ತು.

ಯಾರೂ ನೋಡುತ್ತಿರಲಿಲ್ಲ. ಆ ಏಳೂ ತಾರೀಖು ಸೇರಿಸಿ, ಕಂಪ್ಯೂಟರ್ ಕೆಟ್ಟಿತ್ತು ಎಂದುಬಿಟ್ಟರೆ ಹತ್ತೊಂಬತ್ತು ವರ್ಷದ ಹೆಸರು ಉಳಿಯುತ್ತಿತ್ತು. ಒಂದು ಲೋಟ ನೀರು ಕುಡಿದು ನೇರ ಮ್ಯಾನೇಜರ ಕೋಣೆಗೆ ಹೋದರು.

"ಸಾರ್, ತಪ್ಪು ಅಣ್ಣಂದಲ್ಲ, ಕಂಪ್ಯೂಟರ್‌ದೂ ಅಲ್ಲ. ನಂದು."

ಮ್ಯಾನೇಜರ ಮುಂದೆಯೇ ಏಳು ತಾರೀಖನ್ನೂ ಒಂದೊಂದಾಗಿ ತುಂಬಿಸಿದರು. ಬಾಗಿಲಲ್ಲಿ ಎಣ್ಣೆಯಣ್ಣ ಬಂದು ನಿಂತಿದ್ದ. ಗುಂಡಿ ಒತ್ತಿದ್ದೇ ತಡ, ಸರಾಸರಿ ಎಂಟು ಹೋಗಿ ಮೂರೂವರೆ ಆಯಿತು.

ಮ್ಯಾನೇಜರ್ ಪರದೆ ನೋಡಿದರು, ಅಕ್ಕನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. "ಅಬ್ಬಾ, ನೀವೂ ತಪ್ಪು ಮಾಡ್ತೀರಲ್ಲ! ಇಷ್ಟು ವರ್ಷ ನಿಮ್ಮನ್ನ ಕಂಡ್ರೆ ನಂಗೇ ಭಯ ಇತ್ತು." ಹೊರಗಿನವರಿಗೆಂದು ಬರೆದಿಟ್ಟಿದ್ದ ಪತ್ರವನ್ನು ಹರಿದು ಬುಟ್ಟಿಗೆ ಹಾಕಿದರು.

"ಏನಮ್ಮಾ, ನನ್ನ ಆಮೆ ಮಾಡಿದ್ದು ನೀನೇನಾ?" ಎಂದ ಎಣ್ಣೆಯಣ್ಣ.

"ಹೊಡಿ ಅಣ್ಣ, ಎರಡು ಬಿಗಿ" ಎಂದು ಇವರು ತಲೆ ಬಗ್ಗಿಸಿದರು.

"ಹೊಡೆದ್ರೆ ನಿನ್ನ ತಲೆಗೆಲ್ಲ ಎಣ್ಣೆ ಆಗುತ್ತೆ, ಹೋಗು."

ಅಷ್ಟರಲ್ಲಿ ಹೆಂಗಸೊಬ್ಬರು ಯಂತ್ರವನ್ನು ಮಗುವಿನಂತೆ ಅವಚಿಕೊಂಡು ಬಂದು, "ಎಷ್ಟು ದಿನ ಆಗುತ್ತೆ?" ಎಂದರು.

"ಐದು ದಿನ" ಎಂದರು ಕ್ಯಾಲೆಂಡರಕ್ಕ.

"ಮೂರು!" ಎಂದ ಎಣ್ಣೆಯಣ್ಣ ಬೆಂಚಿನಿಂದಲೇ, ಬೀದಿಗೆಲ್ಲ ಕೇಳುವಂತೆ.