ಬರಿಗೈಯ ಪೂಜೆ

ಮೀರಜದಲ್ಲಿ ಮುಂಬಯಿಯ ದೊಡ್ಡ ಗಾಡಿಯಿಂದ ಇಳಿದು ಮೀಟರ್‌ಗೇಜಿನ ಸಣ್ಣ ಗಾಡಿ ಹತ್ತಿದಾಗ, ಊರು ಹತ್ತಿರ ಬಂತೆಂದು ಮೊದಲು ತಿಳಿದದ್ದು ನನ್ನ ಕಣ್ಣಿಗೆ. ಕಿಟಕಿಯಿಂದ ಕಲ್ಲಿದ್ದಲಿನ ಪುಡಿ ಬಿದ್ದು ನೀರು ಸುರಿಯತೊಡಗಿತು. ಎದುರಿಗೆ ಕೂತಿದ್ದ ಮುದುಕಿ ನನ್ನ ಮೊಣಕಾಲು ಹಿಡಿದು, "ಅಳಬ್ಯಾಡ ನನ್ನವ್ವ, ಯಾರ ಹೋದರು?" ಎಂದು ಕೇಳಿದಳು.

"ಯಾರೂ ಹೋಗಿಲ್ರಿ ಆಯಿ, ಕಣ್ಣಾಗ ಬೂದಿ ಬಿತ್ತು."

"ಹಂಗಾರ ಸೆರಗಿಲೆ ಒರಸ್ಕೊ. ನಾ ಸುಮ್ಮನ ಗಾಬರಿ ಆದ್ನಿ," ಎಂದು ಆಕೆ ತುಸು ಬೇಸರದಿಂದಲೇ ಹಿಂದೆ ಸರಿದು ಕೂತಳು.

ಜನವರಿಯ ಕೊನೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗಿನ್ನೂ ಮದುವೆಯಾಗಿರಲಿಲ್ಲ. ಕೊಲ್ಲಿಯ ಒಂದು ದೇಶದ ಸೇನಾ ಆಸ್ಪತ್ರೆಯಲ್ಲಿ ಎರಡು ವರ್ಷದಿಂದ ನರ್ಸಾಗಿದ್ದೆ. ಸೈನ್ಯಕ್ಕೆ ಸೇರಿದವಳಲ್ಲ; ಕರಾರಿನ ಮೇಲೆ ಹೊರದೇಶಗಳಿಂದ ಹೋದ ನಮ್ಮಂಥವರ ಬಿಳಿ ಅಂಗಿಯ ಭುಜಕ್ಕೆ ಪಟ್ಟಿ ಇರುತ್ತಿರಲಿಲ್ಲ. ಮೊದಲ ಸಲ ಒಂದು ತಿಂಗಳ ರಜೆ ಸಿಕ್ಕಿತ್ತು. ಪೆಟ್ಟಿಗೆಯಲ್ಲಿ ಅವ್ವನಿಗೆ ಕಂಬಳಿ, ಅಣ್ಣನಿಗೆ ಟಾರ್ಚು, ಅಣ್ಣನ ಹೆಂಡತಿ ನೀಲವ್ವ ವೈನಿಗೆ ಸೀರೆ ಇದ್ದವು. ಆದರೆ ನಾನು ಕೊಡುವುದಕ್ಕಿಂತ ಹೆಚ್ಚಾಗಿ, ನನ್ನದೊಂದನ್ನು ವಾಪಸು ತೆಗೆದುಕೊಳ್ಳಲು ಬರುತ್ತಿದ್ದೆ.

ಹೋಗುವಾಗ ಮುಂಬಯಿಯ ಏಜೆಂಟ್, ಕೊರಳಲ್ಲಿ ದೇವರ ಗುರುತು ಏನೂ ಇರಕೂಡದು, ಅಲ್ಲಿ ವಿಮಾನ ಇಳಿದ ಕೂಡಲೇ ತೆಗೆಸುತ್ತಾರೆ ಎಂದಿದ್ದ. ನಾನು ಹಸುಗೂಸಾಗಿದ್ದಾಗ ಕಟ್ಟಿದ ಇಷ್ಟಲಿಂಗ ಅದುವರೆಗೆ ಮೈ ಬಿಟ್ಟಿರಲಿಲ್ಲ. ಬೆಳಿಗ್ಗೆ ಮಿಂದು, ಅದನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ನಮ್ಮ ಮನೆಯಲ್ಲಿ ತುತ್ತು ಎತ್ತುವುದು. ಆ ದಿನ ಅವ್ವ ಕೈ ಚಾಚಿ, "ಕೊಡು ಇಲ್ಲೆ. ನಂದರ ಜೋಡಿ ನಿಂದೂ ಪೂಜಿ ಮಾಡತೇನಿ. ಬಂದ ದಿವಸ ನಿನ್ನ ಕೈಯಾಗ ಇಡತೇನಿ," ಅಂದಿದ್ದಳು.

ಅಲ್ಲಿ ನಾನು ಡ್ಯೂಟಿಗೆ ಮುಂಚೆ ಹಾಸಿಗೆಯ ಮೇಲೆ ಕೂತು ಬರಿಗೈ ಚಾಚಿ ಕಣ್ಣು ಮುಚ್ಚುತ್ತಿದ್ದೆ. ಕೋಣೆಯ ಗೆಳತಿ ಅನ್ನಮ್ಮ ಕೇರಳದವಳು. ಮೊದಮೊದಲು, ಈ ಮರಳುಗಾಡಿನಲ್ಲಿ ಮಳೆ ಹನಿಯುತ್ತದೆಯೇ ಎಂದು ನೋಡುತ್ತೀಯಾ ಎಂದು ನಗುತ್ತಿದ್ದಳು. ಆಮೇಲೆ ನಾನೇನೂ ಹೇಳದಿದ್ದರೂ ಆ ಹೊತ್ತಿಗೆ ರೇಡಿಯೋ ನಿಲ್ಲಿಸತೊಡಗಿದಳು. ನಮ್ಮ ವಾರ್ಡಿನಲ್ಲಿ ತರಬೇತಿಯ ವೇಳೆ ಕೈ ಕಳೆದುಕೊಂಡ ಎಳೆಯ ಸಿಪಾಯಿಯೊಬ್ಬನಿದ್ದ. ಇಲ್ಲದ ಬೆರಳುಗಳು ತುರಿಸುತ್ತವೆ ಎಂದು ಅಳುತ್ತಿದ್ದ. ಅವನ ಭಾಷೆ ನನಗೆ ನಾಲ್ಕು ಮಾತಿಗಿಂತ ಹೆಚ್ಚು ಬಾರದು. ಬ್ಯಾಂಡೇಜು ಮುಗಿಯುವಲ್ಲಿಂದ ಕೆಳಗೆ, ಬೆರಳು ಇರಬೇಕಾಗಿದ್ದ ಜಾಗದಲ್ಲಿ, ಬರೀ ಚಾದರವನ್ನು ಮೆಲ್ಲಗೆ ಕೆರೆಯುತ್ತಿದ್ದೆ. ಅವನು ನಿದ್ದೆ ಹೋಗುತ್ತಿದ್ದ.

ಬೆಳಗಾವಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಕಪ್ಪು ಟ್ರಂಕುಗಳ ಮೇಲೆ ಕೂತು ನಮ್ಮ ಸಿಪಾಯಿಗಳು ಚಹಾ ಕುಡಿಯುತ್ತಿದ್ದರು. ಅವರ ಕೈಕಾಲುಗಳನ್ನೇ ನೋಡುತ್ತಿದ್ದೇನೆಂದು ಗೊತ್ತಾಗಿ ಮುಖ ತಿರುಗಿಸಿದೆ. ಇಲ್ಲಿಯ ದಂಡಿನ ಪ್ರದೇಶದ, ಕ್ಯಾಂಪಿನ, ಕಾನ್ವೆಂಟಿನಲ್ಲಿ ನಾನು ಓದುವಾಗ ಒಬ್ಬ ಸಿಸ್ಟರ್ ಪೆನ್ಸಿಲಿನ ತುದಿಯಿಂದ ನಮ್ಮ ಉಗುರಿನ ಮಣ್ಣು ಹುಡುಕುತ್ತಿದ್ದರು. ನೀನು ನರ್ಸಾಗು ಎಂದವರೂ ಅವರೇ. ಅರ್ಧ ಕಿಲೋ ಕುಂದಾ ಕೊಂಡೆ. ಊರು ದಾಟಿದ ಮೇಲೆ, ಮಚ್ಛೆಯ ಕಡೆಯ ಕಾರ್ಖಾನೆಗಳ ತಗಡುಗಳು ಬಿಸಿಲಿಗೆ ಹೊಳೆದವು. ಆಮೇಲೆ ಕೊಯ್ದ ಭತ್ತದ ಗದ್ದೆ, ಕಬ್ಬು.

ಖಾನಾಪುರದ ನಿಲ್ದಾಣಕ್ಕೆ ಅಣ್ಣ ಬಂದಿದ್ದ. "ತೆಳ್ಳಗ ಆಗೀಯಲ್ಲ ಸರೂ," ಎಂದು ಪೆಟ್ಟಿಗೆ ಹೊತ್ತ. ಅವ್ವ ಹೇಗಿದ್ದಾಳೆಂದರೆ, "ಅದಾಳ, ಅದಾಳ. ಬಸ್ ತಪ್ಪತದ, ಲಗೂನ ನಡಿ," ಎಂದ. ಬಸ್ಸಿನಲ್ಲಿ ಕಂಡಕ್ಟರ್ "ಪುಢೆ ಚಲಾ, ಮುಂದ ಸರಕೊಳ್ರಿ," ಎಂದು ಮರಾಠಿ, ಕನ್ನಡ ಎರಡೂ ಭಾಷೆಯಲ್ಲಿ ನಮ್ಮನ್ನು ನೂಕಿ, ಒಂದೂವರೆ ರೂಪಾಯಿಯ ಟಿಕೆಟ್ ಹರಿದ. ಖಾನಾಪುರದ ಕಾರ್ಖಾನೆಗಳ ಹೆಂಚಿನ ರಾಶಿಗಳು ಹಿಂದಾದವು. ನಮ್ಮೂರು ಪಾರಿಶ್ವಾಡದವರೆಗೂ ಅಣ್ಣ ಕಬ್ಬಿನ ಮಾತನ್ನಷ್ಟೇ ಆಡಿದ.

ಬಾಗಿಲಲ್ಲೇ ವೈನಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. "ಬಾರವ್ವ ಅರಬಸ್ತಾನದ ರಾಣಿ! ನಮ್ಮ ಮನಿ ಹಾದಿ ನೆನಪೈತಲ್ಲ, ಅದಽ ದೊಡ್ಡದು."

"ಮರತಿದ್ದರ ನಿಮ್ಮ ಬಾಯಿ ಸಪ್ಪಳದಿಂದ ಗೊತ್ತಾಗತಿತ್ತು ವೈನಿ," ಎಂದೆ.

ಅವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು, ಏಳಲಿಲ್ಲ. ಬಲಗೈಯಿಂದ ನನ್ನ ಗದ್ದ ಹಿಡಿದು, ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಎಡಗೈ ಸೆರಗಿನ ಒಳಗೇ ಇತ್ತು. ಚಳಿಗೆ ಇರಬೇಕೆಂದುಕೊಂಡೆ. ವಾರ್ಡಿನಲ್ಲಾಗಿದ್ದರೆ ನೋಡಿದ ಕೂಡಲೇ ತಿಳಿಯುತ್ತಿತ್ತು. ನನ್ನ ಕಣ್ಣು ಅವಳ ಕೊರಳ ಮೇಲಿತ್ತು. ಅಲ್ಲಿ ಲಿಂಗವಿಟ್ಟ ಎರಡು ಬೆಳ್ಳಿಯ ಕರಡಿಗೆಗಳು ತೂಗುತ್ತಿದ್ದವು, ಅವಳದೊಂದು, ನನ್ನದೊಂದು.

"ಮುಂಜಾನೆ ಮೈ ತೊಳಕೊಂಡು ಬಾ, ಕೊಡತೇನಿ," ಅಂದಳು ಅವ್ವ.

ಮುಂಜಾನೆ ವೈನಿ ಎಮ್ಮೆ ಹಿಂಡಿ ಬಂದು, ಕೈ ತೊಳೆದು, ಅವ್ವನ ಎಡಕ್ಕೆ ಕೂತಳು. ಸೆರಗಿನೊಳಗಿಂದ ಅವ್ವನ ಎಡಗೈಯನ್ನು ಎತ್ತಿ ತಂದವಳು ಅವಳು. ಬೆರಳು ಮಡಚಿಕೊಂಡಿದ್ದವು. ಒಂದೊಂದಾಗಿ ಬಿಡಿಸಿ, ತನ್ನ ಅಂಗೈಯನ್ನು ಅದರ ಕೆಳಗೆ ಆನಿಸಿ ಹಿಡಿದಳು. ಅವ್ವ ಬಲಗೈಯಿಂದ ಎರಡೂ ಲಿಂಗಗಳನ್ನು ತೆಗೆದು ಆ ಕೈಯಲ್ಲಿಟ್ಟಳು.

ಹೋದ ಮಳೆಗಾಲದಲ್ಲಿ ಲಕ್ವಾ ಹೊಡೆದಿತ್ತಂತೆ. ನನಗೆ ಬರೆಯಬಾರದೆಂದು ಅವ್ವ ಆಣೆ ಹಾಕಿದ್ದಳಂತೆ. ಅಲ್ಲಿ ನಾನು ಅನ್ಯರ ಮಕ್ಕಳ ಬೆರಳು ಬಿಡಿಸಿ, ತಿಕ್ಕಿ, ಮತ್ತೆ ಮಡಚಿಸುತ್ತಿದ್ದ ತಿಂಗಳುಗಳಲ್ಲಿ ಇಲ್ಲಿ ಇವು ಹೀಗೆ ಬಿಗಿದುಕೊಂಡಿದ್ದವು.

"ವೈನಿ, ಇಷ್ಟು ದಿವಸ ನೀವಽ ಹಿಡದೀರೇನು?"

"ಮತ್ತ ಯಾರು, ನಿನ್ನ ಅರಬರು ಬಂದು ಹಿಡೀತಾರೇನು?" ಎಂದವಳು ಕೈ ಅಲುಗಿಸಲಿಲ್ಲ.

ಪೂಜೆ ಮುಗಿದ ಮೇಲೆ ಅವ್ವ ನನ್ನ ಲಿಂಗವನ್ನು ನನ್ನ ಅಂಗೈಯಲ್ಲಿ ಇಟ್ಟಳು. ನೆನೆದ ವಿಭೂತಿ, ಬಿಲ್ವದೆಲೆಯ ತಂಪು. ನೆನಪಿನಲ್ಲಿದ್ದುದಕ್ಕಿಂತ ಹಗುರವಾಗಿತ್ತು.

ಆ ತಿಂಗಳು ನಾನು ಬಿಸಿನೀರಿನ ಬಟ್ಟೆ ಸುತ್ತಿ ಅವ್ವನ ಬೆರಳು ತಿಕ್ಕಿದೆ; ವೈನಿಗೂ ಕಲಿಸಿದೆ. ಎರಡು ಬೆರಳು ಚೂರು ತಾವಾಗಿಯೇ ಆಡಿದವು. ಕರಾರಿನಲ್ಲಿ ಇನ್ನೂ ಒಂದು ವರ್ಷ ಉಳಿದಿತ್ತು. ಹೋಗುವುದಿಲ್ಲ ಎಂದಾಗ ಅವ್ವ, "ಯಾರ್ಯಾರೋ ತಾಯಂದಿರು ಮಕ್ಕಳನ್ನ ನಿನ್ನ ಕೈಯಾಗ ಬಿಟ್ಟು ಕುಂತಾರ. ಹೋಗಿ ಬಾ," ಎಂದಳು. ಲಿಂಗವನ್ನು ಮತ್ತೆ ಯಾರಿಗೆ ಕೊಡಲಿ ಎಂದು ಅವಳ ಆ ಕೈ ನೋಡಿಕೊಂಡು ಕೇಳಲಾರದೆ ಹೋದೆ.

ಹೊರಟ ದಿನ ಯಾರೂ ಕರೆಯದಿದ್ದರೂ ವೈನಿ ಖಾನಾಪುರದವರೆಗೆ ಬಂದಳು. ಗಾಡಿ ಕಂಡರೂ ನಾನು ಕರಡಿಗೆಯನ್ನು ಹಿಡಿದೇ ನಿಂತಿದ್ದೆ. ಅವಳು ಎಡಗೈ ಚಾಚಿದಳು.

"ಕೊಡು ಇಲ್ಲೆ. ನಂದು, ಅತ್ತಿದು, ನಿಂದು. ಎರಡು ಹೊತ್ತ ಕೈಗೆ ಮೂರನೇದು ಭಾರ ಆಗತದೇನ?"

ತೆಗೆದು ಕೊಟ್ಟೆ. ಕೊರಳಿಗೆ ಹಾಕಿಕೊಂಡು ಸೆರಗು ಹೊದ್ದಳು. ಗಾಡಿ ಅಲುಗಿದಾಗ ಕಿಟಕಿಯಿಂದ ಕೂಗಿದೆ: "ವೈನಿ, ದಿನಾ ಎಷ್ಟೊತ್ತಿಗೆ ಪೂಜಿಗೆ ಕುಂದರತೀರಿ?"

"ಎಮ್ಮಿ ಹಿಂಡಿದ ಮ್ಯಾಲೆ! ಯಾಕ?"

ಗಾಡಿ ವೇಗ ಹಿಡಿಯಿತು. ಬಲಗೈ ಬೀಸುತ್ತ, ಎಡಗೈಯನ್ನು ಎದೆಗೊತ್ತಿಕೊಂಡು ಅವಳು ಸಣ್ಣದಾಗುತ್ತ ಹೋದಳು. ಪಾರಿಶ್ವಾಡದಲ್ಲಿ ಎಮ್ಮೆ ಹಿಂಡುವ ಹೊತ್ತಿಗೆ ನಾನು ಹೋಗುವ ದೇಶದಲ್ಲಿ ಇನ್ನೂ ಕತ್ತಲೆ. ಅದೇ ಹೊತ್ತಿಗೆ ನಾನೂ ಬೇಗ ಎದ್ದು ಬರಿಗೈ ಚಾಚಬೇಕು. ಅನ್ನಮ್ಮ ಮಲಗಿರುತ್ತಾಳೆ; ರೇಡಿಯೋ ನಿಲ್ಲಿಸುವ ಕೆಲಸ ಅವಳಿಗೆ ತಪ್ಪಿತು.