ನಳಿಗೆಯ ಹೊಟ್ಟೆ ಅಳೆಯುವ ವರದಮ್ಮ

ಶಿಕಾರಿಪುರದ ಕೆರೆ ಏರಿಯ ಕೆಳಗಿನ ಕೇರಿಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ವರದಮ್ಮ ಮನೆಯ ಜಗುಲಿಯ ಮೇಲೆ ಮೂಡಣಕ್ಕೆ ಮುಖ ಮಾಡಿ ಕೂತಿದ್ದಾರೆ. ಮಡಿಲಲ್ಲಿ ಒಂದು ಹಳೆಯ ಕೇಪಿನ ಪಿಸ್ತೂಲು. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಅದರ ಮೇಲೆ ಸೀಸದ ಗುಂಡು ಇಳಿಸಿ ಹೊಡೆಯುವ ಕಾಲದ್ದು. ಹಿಡಿಯ ಮರ ಸವೆದು ನುಣುಪಾಗಿದೆ. ಖಾಲಿ ಎಂಬುದನ್ನು ಎರಡು ಸಲ ನೋಡಿಕೊಂಡು, ಹಿಂಬದಿಯ ತಿರುಪು ಬಿಚ್ಚಿದ್ದಾರೆ. ಮೆತ್ತನೆಯ ಸೀಸದ ಉಂಡೆಯೊಂದನ್ನು ಎಣ್ಣೆಯಲ್ಲಿ ಅದ್ದಿ ನಳಿಗೆಯ ಬಾಯಿಗಿಟ್ಟು ಮರದ ಕೋಲಿನಿಂದ ಮೆಲ್ಲಗೆ ಒಳಕ್ಕೆ ನೂಕುತ್ತಾರೆ. ಆಗ ಅವರ ಕಣ್ಣು ಮುಚ್ಚಿರುತ್ತದೆ. ಗಮನವೆಲ್ಲ ಕೋಲು ಹಿಡಿದ ಬೆರಳುಗಳಲ್ಲಿ.

ಪಿಸ್ತೂಲಿನ ಒಡೆಯ ಗೋಪಾಲಪ್ಪ ಈಸೂರಿನ ರೈತ. ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ತಾತನ ಕಾಲದ ಈ ಪಿಸ್ತೂಲು ಬಿಟ್ಟರೆ ಅವರಲ್ಲಿ ಬೇರೆ ಆಯುಧವಿಲ್ಲ. ನಸುಕಿನಲ್ಲೇ ಸೈಕಲ್ ತುಳಿದು ಬಂದವರಿಗೆ ಬೇಗ ಊರು ಸೇರುವ ಆತುರ.

"ಹ್ವಾದ ವರ್ಷದ ಅಚ್ಚಿನಾಗೇ ಗುಂಡು ಹೊಯ್ದು ಕೊಟ್ಬಿಡ್ರಲ್ಲ ಅಕ್ಕಾರೆ. ಪಿಸ್ತೂಲೂ ಅದೇ, ನಾನೂ ಅವನೇ."

"ಪಿಸ್ತೂಲು ಅದೇ ಇರ್ಬೋದು ಕಣಪ್ಪ. ಒಂದು ಮಳಿಗಾಲ ತುಕ್ಕು ತಿಂದೈತಲ್ಲ, ನಳಿಗಿ ಅದೇ ಅಲ್ಲ. ಕೂತ್ಕ."

ಕೋಲು ಅರ್ಧ ದಾರಿಯಲ್ಲಿ ತಡೆಯುತ್ತದೆ. ವರದಮ್ಮ ಕಣ್ಣು ತೆರೆದು, "ಇಲ್ಲಿ ಹಿಡೀತು ನೋಡು" ಅನ್ನುತ್ತಾರೆ. ಇನ್ನೊಂದಿಷ್ಟು ನೂಕಿದ ಮೇಲೆ ಸೀಸದ ಉಂಡೆ ಆಚೆ ತುದಿಯಿಂದ ಅಂಗೈಗೆ ಬೀಳುತ್ತದೆ. ಅದನ್ನು ಹಿತ್ತಾಳೆಯ ಪಟ್ಟಿಯೊಂದರ ತೂತುಗಳಿಗೆ ಒಂದೊಂದಾಗಿ ಹಿಡಿಯುತ್ತಾರೆ. ಪಟ್ಟಿಯಲ್ಲಿ ಸಣ್ಣದರಿಂದ ದೊಡ್ಡದಕ್ಕೆ ಹನ್ನೊಂದು ತೂತುಗಳಿವೆ. ಈ ನಳಿಗೆಯ ಬಾಯಿಗೆ ಏಳನೆಯ ತೂತಿನ ಗುಂಡು ಸರಾಗವಾಗಿ ಇಳಿಯುತ್ತದೆ. ನಡುವೆ ಮಾತ್ರ ಐದನೆಯದಕ್ಕಿಂತ ದೊಡ್ಡದು ಹೋಗುವುದಿಲ್ಲ. ವರ್ಷಗಟ್ಟಲೆ ಕೋಲು ಉಜ್ಜಿ ಉಜ್ಜಿ ಬಾಯಿ ಅಗಲವಾಗಿದೆ, ಒಳಗೆ ತುಕ್ಕು ಕಟ್ಟಿ ಬಿಗಿಯಾಗಿದೆ.

"ಐದನೇದು ಬಾಯಾಗೆ ಸಡ್ಲ ಆಗಲ್ಲೇನ್ರಿ? ಗುರಿ ತಪ್ಪಲ್ವಾ?" ಎಂದು ಗೋಪಾಲಪ್ಪ ಕೇಳುತ್ತಾರೆ.

"ಗುರಿ ತಪ್ಪಿದ್ರೆ ಹಂದಿ ಉಳೀತೈತಿ. ಗುಂಡು ನಡುವೆ ಸಿಕ್ಕಂಡ್ರೆ ನಿನ್ನ ಕೈ ಉಳಿಯಾಕಿಲ್ಲ. ಯಾವ್ದು ಬೇಕು ಹೇಳು."

ಗೋಪಾಲಪ್ಪ ಕಂಬಕ್ಕೆ ಒರಗುತ್ತಾರೆ. ವರದಮ್ಮ ಸೀಸ ಕಾಯಿಸಲು ಒಳಗೆ ಹೋಗುತ್ತಾರೆ.

ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂಥ ಹಳೆಯ ಕೋವಿ, ಪಿಸ್ತೂಲುಗಳು ಇನ್ನೂ ಬೇಕಾದಷ್ಟಿವೆ. ಯಾವುದೂ ಕಾರ್ಖಾನೆಯ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಒಂದಕ್ಕೆ ಹೊಯ್ದ ಗುಂಡು ಇನ್ನೊಂದಕ್ಕೆ ಆಗುವುದಿಲ್ಲ. ಸಾಧಾರಣ ದಿನ ವರದಮ್ಮನ ಜಗುಲಿಗೆ ಎರಡೋ ಮೂರೋ ಬರುತ್ತವೆ, ಸಂತೆಯ ದಿನ ಎಂಟು ಒಂಬತ್ತು. ಭತ್ತ ತೆನೆ ಕಟ್ಟುವ ತಿಂಗಳುಗಳಲ್ಲಿ ದಿನಕ್ಕೆ ನಲವತ್ತು ಐವತ್ತು ಗುಂಡು ಹೊಯ್ಯುತ್ತಾರೆ. ಹೊಯ್ದದ್ದರಲ್ಲಿ ಹತ್ತಕ್ಕೆ ಎರಡು ಸರಿಬರದೆ ಅವರ ಕೈಯಿಂದಲೇ ಮತ್ತೆ ಬಾಣಲೆಗೆ ಬೀಳುತ್ತವೆ. ಕಳೆದ ವರ್ಷ ಹದಿನಾಲ್ಕು ನಳಿಗೆಗಳನ್ನು "ಇದಕ್ಕೆ ಇನ್ನು ಮದ್ದು ಹಾಕ್ಬ್ಯಾಡ್ರಿ" ಎಂದು ಗುಂಡು ಹೊಯ್ಯದೆ ವಾಪಸು ಕಳಿಸಿದ್ದಾರೆ. ಓದು ಬರಹ ಬಾರದು. ಅಳತೆಗೆ ನೂಕಿದ ಪ್ರತಿಯೊಂದು ಉಂಡೆಯನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ, ಯಾರದೆಂದು ತಿಳಿಯಲು ಬೇರೆ ಬೇರೆ ಬಣ್ಣದ ದಾರ ಸುತ್ತಿ, ಗೋಡೆಯ ಗೂಟಕ್ಕೆ ತೂಗುಹಾಕಿದ್ದಾರೆ. ಈ ಬರಹಕ್ಕಾಗಿ ಹೋಗಿದ್ದ ನಾನು ಎಣಿಸಿದಾಗ ನೂರ ಮೂವತ್ತೆರಡು ಗಂಟುಗಳಿದ್ದವು.

ವರದಾ ಹೊಳೆಯ ದಂಡೆಯ ಹಳ್ಳಿಯೊಂದರ ಕಮ್ಮಾರನ ಮಗಳು ಇವರು. ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾಗಿ ಶಿಕಾರಿಪುರಕ್ಕೆ ಬಂದರು. ಗಂಡ ಹುಚ್ಚರಾಯಪ್ಪ ಕೋವಿ ರಿಪೇರಿಯವರು, ಲೈಸೆನ್ಸ್ ಇದ್ದವರು. ಅಳತೆ ತೆಗೆಯುವುದು ಗಂಡನ ಕೆಲಸ, ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು ಹೆಂಡತಿಯದು. ಇಪ್ಪತ್ತೊಂಬತ್ತು ವರ್ಷ ಹಾಗೆಯೇ ನಡೆಯಿತು. ಈಗ ವರದಮ್ಮನಿಗೆ ಐವತ್ತೆರಡು. ಒಂಬತ್ತು ವರ್ಷದ ಹಿಂದಿನ ಒಂದು ಸಂಗತಿಯನ್ನು ನಾನು ಕೇಳಲಿಲ್ಲ, ಅವರೇ ಹೇಳಿದರು.

ಆ ದಿನ ಹುಚ್ಚರಾಯಪ್ಪ ಶಿವಮೊಗ್ಗಕ್ಕೆ ಹೋಗಿದ್ದರು. ಸೊರಬದ ಸಮೀಪದ ಹಳ್ಳಿಯಿಂದ ಗಂಗಾಧರಪ್ಪ ಎಂಬ ರೈತರು ಪಿಸ್ತೂಲು ತಂದರು. ಬಸ್ಸಿಗೆ ಹೊತ್ತಾಗುತ್ತದೆ ಎಂದರು. ವರದಮ್ಮ ಗಂಡ ಮಾಡುವುದನ್ನು ನೋಡಿದ್ದರಲ್ಲ, ಹಿತ್ತಾಳೆ ಪಟ್ಟಿ ತೆಗೆದು ನಳಿಗೆಯ ಬಾಯಿಯನ್ನಷ್ಟೇ ಅಳೆದರು. ಆರು ಗುಂಡು ಹೊಯ್ದು ಕೊಟ್ಟರು. ಐದನೆಯ ದಿನ ಸುದ್ದಿ ಬಂತು. ಗದ್ದೆಯಲ್ಲಿ ಹಂದಿ ಓಡಿಸಲು ಹೊಡೆದಾಗ ನಳಿಗೆ ಸಿಡಿದು ಗಂಗಾಧರಪ್ಪನವರ ಬಲಗೈಯ ಮೂರು ಬೆರಳು ಹೋಗಿದ್ದವು.

ಪೊಲೀಸರು ಒಡೆದ ಪಿಸ್ತೂಲನ್ನೂ ಉಳಿದ ಐದು ಗುಂಡುಗಳನ್ನೂ ಹುಚ್ಚರಾಯಪ್ಪನ ಅಭಿಪ್ರಾಯಕ್ಕೆ ತಂದರು. ಅವರು ತಿರುಗಿಸಿ ನೋಡಿ, ಮದ್ದು ಜಾಸ್ತಿ ಹಾಕಿದ್ದಾರೆ ಅಂದರು. ಹಾಗೆಂದೇ ಕಾಗದವಾಯಿತು. ಪೊಲೀಸರು ಬರೆದುಕೊಳ್ಳುತ್ತಿದ್ದಾಗ ವರದಮ್ಮ ನಳಿಗೆಯನ್ನು ಕೈಗೆತ್ತಿಕೊಂಡರು.

"ಮದ್ದು ಜಾಸ್ತಿ ಆದ್ರೆ ಬುಡದಾಗೆ ಒಡೀಬೇಕಲ್ಲ ರೀ? ಇದು ನಡುವೆ ಸೀಳಿತ್ತು. ಒಂದು ಗುಂಡು ತಗಂಡು ಬಾಯಾಗೆ ಬಿಟ್ಟೆ. ಸಲೀಸಾಗಿ ಹೋತು. ನಾಕು ಬೆರಳಷ್ಟು ಹೋಗಿ ನಿಂತ್ಕಂತು. ಮದ್ದಿನ ತಂಕ ಇಳೀದೆ ನಡುವೆ ಸಿಕ್ಕಂಡೇ ಒಡೆದಿತ್ತು."

ಪೊಲೀಸರು ಹೋದ ಮೇಲೆ ಗಂಡನಿಗೆ ಹೇಳಿದರು. ಅವರು ಹಿತ್ತಾಳೆ ಪಟ್ಟಿಯನ್ನು ಎತ್ತಿ ಒಳಗಿಟ್ಟರು. ಆಮೇಲೆ, "ಸುಮ್ಕಿರು. ಬರ್ದು ಕೊಟ್ಟಾಗೈತಿ" ಎಂದರಂತೆ.

"ಹದಿನೇಳು ದಿನ ಸುಮ್ಕಿದ್ದೆ. ಹದಿನೆಂಟನೇ ದಿನ ಅವ್ರು ಬಜಾರಿಗೆ ಹೋದಾಗ ಸೊರಬದ ಬಸ್ ಹತ್ತಿದೆ."

ಅಲ್ಲಿಂದ ಮುಂದಿನದನ್ನು ನಾನು ಗಂಗಾಧರಪ್ಪನವರ ಬಾಯಿಂದಲೇ ಕೇಳಬೇಕೆಂದು ಸೊರಬಕ್ಕೆ ಹೋದೆ. ಅರವತ್ತು ದಾಟಿದ ಮನುಷ್ಯ. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದಿವೆ. ಕುಡುಗೋಲು ಹಿಡಿಯಲಾಗದು, ಹಾಲು ಕರೆಯಲಾಗದು. ಎಡಗೈಯಲ್ಲಿ ನನಗೆ ಚಾಪೆ ಹಾಸಿ ಕೂರಿಸಿದರು.

"ನಾನು ಊಟಕ್ಕೆ ಕೂತಿದ್ದೆ. ಆಗಿನ್ನೂ ಎಡಗೈ ರೂಢಿ ಆಗಿರ್ಲಿಲ್ಲ, ನನ್ನ ಹೆಂಡ್ತಿ ಇವಳೇ ತುತ್ತು ಮಾಡಿ ಕೊಡ್ತಿದ್ಲು. ಆಯಮ್ಮ ಬಂದು ಹೊಸಿಲಾಚೆ ನಿಂತ್ಲು. ಬಾ ಅಂದ್ರೆ ಒಳಗೆ ಬರ್ಲಿಲ್ಲ. ನೀರು ಕೊಟ್ರೆ ಮುಟ್ಲಿಲ್ಲ. ಗುಂಡು ಹೊಯ್ದೋಳು ನಾನು, ಬಾಯಿ ಅಳತೆ ತಗೊಂಡೆ, ಒಳಗೆ ನೋಡ್ಲಿಲ್ಲ, ನಿಮ್ಮ ಮದ್ದು ಜಾಸ್ತಿ ಆಗಿರ್ಲಿಲ್ಲ, ತಪ್ಪು ನಂದು ಅಂದ್ಲು. ನನಗೆ ಬಂತು ನೋಡಿ ಸಿಟ್ಟು. ಎದುರಿಗಿದ್ದ ತಟ್ಟೇನ ಬೀಸಿ ಎಸೆದೆ. ಅವಳ ಕಾಲ ಹತ್ರ ಹೋಗಿ ಬಿತ್ತು. ಅವಳು ಅಲ್ಲಾಡ್ಲಿಲ್ಲ."

ಅವರ ಹೆಂಡತಿ ರಾಜೇಶ್ವರಮ್ಮ ಇಷ್ಟು ಹೊತ್ತು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಈಗ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು. "ನಾನು ಹೇಳ್ತೀನಿ ಕೇಳಿ. ಊರೆಲ್ಲ ಇವರು ಕುಡಿದು ಮದ್ದು ತುಂಬಿದ್ರು ಅಂತ ಮಾತಾಡ್ತಿತ್ತು. ಇವರು ಇಲ್ಲ ಇಲ್ಲ ಅಂತ ಆಣೆ ಇಟ್ರು. ನಾನೂ ನಂಬಿರ್ಲಿಲ್ಲ. ಆಯಮ್ಮ ಹೇಳಿದ್ ಕೂಡ್ಲೆ ನನ್ನ ಬಾಯಿಂದ ಬಂದಿದ್ದು ಅದೇ ಮಾತು. ಹಾಗಾದ್ರೆ ಅವತ್ತು ನೀವು ಕುಡಿದಿರ್ಲಿಲ್ವಾ ಅಂದೆ."

ಗಂಗಾಧರಪ್ಪ ಮಾತು ಮುಂದುವರಿಸಿದರು. "ಬೆರಳು ಹೋದಾಗ ನಾನು ಅತ್ತಿರ್ಲಿಲ್ಲ. ಆ ಮಾತಿಗೆ ಅತ್ತೆ."

ಅತ್ತು ಮುಗಿದ ಮೇಲೆ ಅವರು ವರದಮ್ಮನಿಗೆ ಹೇಳಿದ್ದು ಇಷ್ಟು: "ನನಗೆ ಹೇಳಿದ್ದಾಯ್ತು ತಂಗಿ. ಕಾಗದದಲ್ಲಿ ಇನ್ನೂ ಸುಳ್ಳೇ ಉಂಟಲ್ಲ." ಅಂದೇ ಮಧ್ಯಾಹ್ನ ಇಬ್ಬರೂ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದು, ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರ ಮುಂದೆ ನಿಂತರು. ವರದಮ್ಮ ನಡೆದದ್ದನ್ನು ನಡೆದಂತೆ ಹೇಳಿ ಹೆಬ್ಬೆಟ್ಟು ಒತ್ತಿದರು.

ಹತ್ತು ತಿಂಗಳು ಲೈಸೆನ್ಸ್ ಅಮಾನತಾಯಿತು. ಹುಚ್ಚರಾಯಪ್ಪ ಗಾಡಿ ಚಕ್ರಕ್ಕೆ ಪಟ್ಟಿ ಹಾಕುವ ಕೂಲಿಗೆ ಹೋದರು. ಮೊದಲ ನಾಲ್ಕು ತಿಂಗಳು ಹೆಂಡತಿಯ ಜೊತೆ ಮಾತಿಲ್ಲ. "ತಾಟು ಇಟ್ರೆ ಉಣ್ಣೋರು. ಎದ್ದು ಹೋಗೋರು. ನಾನು ಅವ್ರ ಹೊಟ್ಟಿ ಮ್ಯಾಲೆ ಹೊಡ್ದಿದ್ದೆ, ಏನಂತ ಕೇಳ್ಲಿ? ಆದ್ರೆ ಹೋಗ್ಬಾರ್ದಿತ್ತು ಅಂತ ಒಂದಿನಾನೂ ಅನ್ನಿಸ್ಲಿಲ್ಲ," ಎನ್ನುತ್ತಾರೆ ವರದಮ್ಮ. ಕೂಲಿಗೆ ಹೋಗುವ ಗಂಡನಿಗೆ ರೊಟ್ಟಿ ಕಟ್ಟಿಕೊಟ್ಟು, ತಾವು ಮನೆಯಲ್ಲಿದ್ದ ಹಳೆಯ ಕೊಳವೆಗಳಲ್ಲಿ ಸೀಸ ನೂಕಿ ನೂಕಿ ಕೈ ಪಳಗಿಸಿಕೊಂಡರು. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದನ್ನು ಬೆರಳಿಗೆ ಕಲಿಸಿದರು.

ಲೈಸೆನ್ಸ್ ಮರಳಿ ಬಂದ ವಾರದಲ್ಲಿ ಒಬ್ಬರು ಕೋವಿ ತಂದರು. ಹುಚ್ಚರಾಯಪ್ಪ ಅಳತೆ ತೆಗೆದರು. ಆಮೇಲೆ ಕೋವಿಯನ್ನೂ ಹಿತ್ತಾಳೆ ಪಟ್ಟಿಯನ್ನೂ ಹೆಂಡತಿಯ ಕಡೆ ಸರಿಸಿದರು. ವರದಮ್ಮ ಸೀಸ ನೂಕಿ ನೋಡಿ, "ಒಂದು ತೂತು ಕಮ್ಮಿ ಮಾಡ್ಬೇಕು" ಅಂದರು. ಗಂಡ ಹೂಂ ಅಂದರು. ಅಂದಿನಿಂದ ಆ ಮನೆಯಲ್ಲಿ ಅಳತೆಯ ಕೊನೆಯ ಮಾತು ವರದಮ್ಮನದೇ. ಎರಡು ವರ್ಷದ ಹಿಂದೆ ಹುಚ್ಚರಾಯಪ್ಪ ಜ್ವರದಿಂದ ತೀರಿಕೊಂಡರು.

ಗಂಗಾಧರಪ್ಪ ಮತ್ತೆ ಆಯುಧ ಮುಟ್ಟಿಲ್ಲ. ಆದರೆ ಅವರ ಊರಿನ ಕೋವಿಗಳೆಲ್ಲ ಶಿಕಾರಿಪುರದ ಈ ಜಗುಲಿಗೇ ಬರುತ್ತವೆ, ಕಳಿಸುವವರು ಅವರೇ. ಕ್ಷಮಿಸಿದ್ದೀರಾ ಎಂದು ಕೇಳಿದೆ. "ಚಳಿಗಾಲದಲ್ಲಿ ಕೈ ಜಗ್ತದೆ. ಆಗ ಅವಳನ್ನ ಬೈತೀನಿ, ಸುಳ್ಳು ಯಾಕೆ ಹೇಳಲಿ? ಆದ್ರೆ ನನ್ನ ತಮ್ಮನ ಮಗನ ಕೋವಿ ಬೇರೆಯವರ ಕೈಲಿ ಕೊಡ್ಲಿಕ್ಕೆ ನನಗೆ ಧೈರ್ಯ ಇಲ್ಲ."

ನಾನು ಮರಳಿ ಶಿಕಾರಿಪುರಕ್ಕೆ ಬಂದು ಈ ಮಾತು ತಿಳಿಸಿದಾಗ ವರದಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡರು. ನಿಮಗೇನಾದರೂ ಆಸೆ ಉಂಟೇ ಎಂದೆ. ಲೈಸೆನ್ಸಿನ ಮಾತು ತೆಗೆದರು. ಗಂಡ ಹೋದ ಮೇಲೆ ಲೈಸೆನ್ಸ್ ಮೈದುನ ರಾಜಪ್ಪನ ಹೆಸರಿನಲ್ಲಿದೆ. ರಾಜಪ್ಪ ಬಳ್ಳಿಗಾವಿಯಲ್ಲಿ ಬೇಸಾಯ ಮಾಡುವವರು, ತಿಂಗಳಿಗೊಮ್ಮೆ ಬಂದು ರುಜು ಹಾಕಿ ಹೋಗುತ್ತಾರೆ. ಅದನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ವರದಮ್ಮ ಅರ್ಜಿ ಕೊಟ್ಟು ಒಂದು ವರ್ಷ ಆಗಿದೆ. ಹೆಂಗಸಿನ ಹೆಸರಿಗೆ ಇಂಥದ್ದು ಈ ಕಡೆ ಹಿಂದೆ ಯಾರೂ ಕೇಳಿರಲಿಲ್ಲವಂತೆ. ಉತ್ತರ ಇನ್ನೂ ಬಂದಿಲ್ಲ.

ಇಷ್ಟು ಕೆಲಸ ಮಾಡಿದವರಿಗೆ ಹೆಸರು ಬರಬೇಕಾದದ್ದೇ ಎಂದೆ ನಾನು.

"ಹೆಸ್ರಿನ ಆಸಿಗಲ್ಲ ರೀ," ಎಂದರು ವರದಮ್ಮ. "ನಾಳೆ ಒಂದು ನಳಿಗಿ ಒಡೀತು ಅಂತ ಇಟ್ಕಳ್ರಿ. ಕಾಗದ ನೋಡ್ಕಂಡು ಬಳ್ಳಿಗಾವಿಗೆ ಹೋಗಿ, ಗದ್ದಿಯಾಗಿರೋ ರಾಜಪ್ಪನ್ನ ಕರೀತಾರೆ. ಅವನೇನು ಮಾಡ್ಯಾನ ಪಾಪ? ಅಳತಿ ತಗಂಡೋಳು ನಾನು. ಕೇಳಾಕೆ ಬರೋರು ನನ್ನ ಬಾಗ್ಲಿಗೇ ಬರ್ಬೇಕು."