ಚಿಗವ್ವನ ರೊಟ್ಟಿ ಸಪ್ಪಳ

ಬಳ್ಳಾರಿ ಗಾಂಧಿನಗರದ ನಮ್ಮ ಪಕ್ಕದ ಮನೆಗೆ ಹೊಸ ಸೊಸೆ ಬಂದಿದ್ದಾಳೆ. ಬೆಳಗಾದರೆ ಗೋಡೆಯಾಚೆ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಕೈಯಲ್ಲಿ ಪೇಪರು ಇದ್ದರೂ ನನ್ನ ಕಿವಿ ಅತ್ತಲೇ. "ರೊಟ್ಟಿ ಬೇಕಾದ್ರ ಕೇಳ್ರಿ, ಹಿಂಗ ಗ್ವಾಡಿಗೆ ಕಿವಿ ಹಚ್ಚಬ್ಯಾಡ್ರಿ" ಎಂದು ನನ್ನಾಕೆ ಹಂಗಿಸುತ್ತಾಳೆ. ಹೊಟ್ಟೆಬಾಕನೆಂಬ ಹೆಸರು ನನಗೆ ಮೊದಲಿನಿಂದಲೂ ಇದೆ, ಇರಲಿ. ಆದರೆ ನಾನು ಕಿವಿಗೊಡುವುದು ರೊಟ್ಟಿಯ ಆಸೆಗಲ್ಲ, ಸಪ್ಪಳ ಎಲ್ಲಿ ನಿಂತುಬಿಡುತ್ತದೋ ಎಂಬ ಅಂಜಿಕೆಗೆ.

ನನ್ನ ತಾಯಿಯ ತಂಗಿ ಗಂಗಮ್ಮನನ್ನು ನಾವು ಚಿಗವ್ವ ಎನ್ನುತ್ತಿದ್ದೆವು. ಸಿರುಗುಪ್ಪದ ಮಗಳು, ಕುರುಗೋಡಿನ ಸೊಸೆ. ನಮ್ಮ ಕಡೆ ಸೊಸೆಯನ್ನು ಕಿವಿಯಿಂದಲೇ ಅಳೆಯುತ್ತಾರೆ; ಅತ್ತೆಯಾದವಳು ಪಡಸಾಲೆಯಲ್ಲಿ ಕುಳಿತು ರೊಟ್ಟಿಯ ಸಪ್ಪಳ ಕೇಳಿದರೆ ಸಾಕು. ಚಿಗವ್ವನ ಮೊದಲ ರೊಟ್ಟಿ ಓಣಿಗೆಲ್ಲ ಕೇಳುತ್ತಿತ್ತು. ಮುಂದಿನದು ಮೆತ್ತಗೆ. ಆಮೇಲೆ ಕೈ ಜೋತುಬೀಳುತ್ತಿತ್ತು. ತುಸು ಕುಳಿತರೆ ಮತ್ತೆ ಕಸುವು ಬರುತ್ತಿತ್ತು. ಸಂಜೆಗೆ ಕಣ್ಣಿನ ರೆಪ್ಪೆಗಳು ತಾವಾಗಿಯೇ ಇಳಿಯುತ್ತಿದ್ದವು, ತುತ್ತು ಅಗಿಯುತ್ತಲೇ ದವಡೆ ಸೋಲುತ್ತಿತ್ತು. "ಮೊದಲ್ನೇ ರೊಟ್ಟಿಗಿದ್ದ ಕಸುವು ಆಮ್ಯಾಲೆ ಎಲ್ಲಿ ಹೊಕ್ಕೈತಿ? ಮೈಗಳ್ಳಿ!" ಎಂದು ಅತ್ತೆ ಅವಳನ್ನು ತವರಿಗೆ ಅಟ್ಟಿದರು. ಚಿಗವ್ವನಿಗೆ ಬೇಕಿದ್ದುದು ಒಂದೇ: ತನ್ನನ್ನು ನಂಬಿ ಮತ್ತೆ ಮನೆಗೆ ಕರೆಯಬೇಕು.

ಸ್ವಾತಂತ್ರ್ಯ ಬಂದ ಹೊಸತು. ಅಜ್ಜ ಬೀಗತಿಯನ್ನು ಬೇಡಿಕೊಂಡು, ಇಬ್ಬರನ್ನೂ ಬಳ್ಳಾರಿಯ ಡಾಕ್ಟರ ಬಳಿ ಕರೆದೊಯ್ದ. ನಾನೂ ಬಾಲದಂತೆ ಹೋಗಿದ್ದೆ. ಮದ್ರಾಸಿನಲ್ಲಿ ಓದಿ ಬಂದ ಡಾಕ್ಟರು ಚಿಗವ್ವನನ್ನು ಬಹಳ ಹೊತ್ತು ನೋಡಿ ಹೇಳಿದರು: "ನರಕ್ಕೂ ಮಾಂಸಕ್ಕೂ ನಡುವ ಸಣ್ಣ ಸಂದು ಐತ್ರಿ. ನರ ಒಂದು ರಸ ಬಿಡ್ತೈತಿ, ಅದು ಸಂದು ದಾಟಿ 'ಏಳು' ಅಂತ ಮಾಂಸಕ್ಕ ಹೇಳಬೇಕು. ಈಕಿಗೆ ಆ ಮಾತು ಪೂರ್ತಿ ಮುಟ್ಟವಲ್ದು. ಈ ಮದ್ದು ರಸ ಲಗೂನ ಕರಗದಂಗ ತಡೀತೈತಿ. ಆದ್ರ ಸ್ವಲ್ಪ ಹೊತ್ತು ಅಷ್ಟ. ಮತ್ತ ಮತ್ತ ಕೊಡಬೇಕಾಗ್ತೈತಿ."

ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ರೆಪ್ಪೆಗಳು ಮೇಲೆದ್ದವು. ಚಿಗವ್ವ ನಕ್ಕಳು. "ಅತ್ತಿ, ನಿಮ್ಮ ಮುಖ ಪೂರಾ ಕಾಣಾಕತ್ತೈತ್ರಿ!"

ಅತ್ತೆ ನಗಲಿಲ್ಲ. "ಒಂದು ಸೂಜಿಗೆ ನೆಟ್ಟಗಾದ್ಲಂದ್ರ ರೋಗ ಎಲ್ಲಿತ್ತು? ಸೂಜಿಗೆ ಅಂಜಿ ಆಟ ಬಿಟ್ಟಾಳ. ನಡಿ ಮನಿಗೆ." ಡಾಕ್ಟರು ತಿಳಿಹೇಳಿದ್ದೆಲ್ಲ ಗಾಳಿಗೆ ಹೋಯಿತು. ಮನೆಗೆ ಕರೆದರಲ್ಲ ಎಂಬ ಸಂತೋಷಕ್ಕೆ ಚಿಗವ್ವ ಹಿಂದಿರುಗಿಯೂ ನೋಡದೆ ಕುರುಗೋಡಿನ ಬಸ್ಸು ಹತ್ತಿದಳು. ಊರು ಮುಟ್ಟುವ ಹೊತ್ತಿಗೆ ರೆಪ್ಪೆಗಳು ಮತ್ತೆ ಇಳಿದಿದ್ದವಂತೆ.

ಆ ಚಳಿಗಾಲದಲ್ಲೇ ಸುದ್ದಿ ಬಂತು. ಉಸಿರಾಡಲಿಕ್ಕೂ ಮಾಂಸಖಂಡವೇ ಬೇಕಲ್ಲ, ಅದೂ ಸೋತಿತ್ತು. ನಾವು ಹೋದಾಗ ಅತ್ತೆ ಚಿಗವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ರೆಪ್ಪೆಗಳನ್ನು ತಮ್ಮ ಬೆರಳಿನಿಂದ ಎತ್ತಿ ಎತ್ತಿ ನೋಡುತ್ತಿದ್ದರು. "ಕಣ್ಣು ತೆಗಿಯವ್ವ, ಇನ್ನ ಬೈಯಂಗಿಲ್ಲ." ಅದನ್ನು ನೆನೆದರೆ ಇವತ್ತಿಗೂ ನನಗೆ ಅಳು ಬರುತ್ತದೆ.

ಇಂದು ಬೆಳಗ್ಗೆ ಪಕ್ಕದ ಮನೆಯ ಸಪ್ಪಳ ನಡುವೆಯೇ ನಿಂತಿತು. "ಯಾಕವ್ವ, ಕೈ ನಿಂತುವು?" ಎಂದು ಅಲ್ಲಿನ ಅತ್ತೆ ಕೂಗಿದರು. ಪೇಪರು ಎಸೆದು ಎದ್ದೆ. "ಕೈ ಸೋತಿರಬೇಕ್ರಿ ಯಮ್ಮ, ಒಂದೀಟು ಕುಂದ್ರಲಿ ಬಿಡ್ರಿ" ಎಂದು ಗೋಡೆಯ ಮೇಲಿಂದ ಕೂಗಿಬಿಟ್ಟೆ. ನನ್ನಾಕೆ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದಳು. ಹಂಗಿಸಲಿಲ್ಲ.

ಆಚೆಯಿಂದ, "ಸರಿಯವ್ವ, ನೀ ಕುಂದ್ರು. ಉಳಿದದ್ದು ನಾ ಬಡೀತೀನಿ" ಎಂಬ ಮಾತು ಕೇಳಿಸಿತು. ಹಿಂದೆಯೇ ಮುದಿ ಕೈಯ ನಿಧಾನವಾದ ಸಪ್ಪಳ ಶುರುವಾಯಿತು.